ಕಳವಾದ ದಾನವನ ಮಾತು

ಸೈದಪ್ಪನ ತಲೆಗೆ ಕೊಂಬು ಕಟ್ಟಲು ಇಬ್ಬರು ಬೇಕು. ಒಬ್ಬ ತಲೆ ಹಿಡಿದುಕೊಳ್ಳಬೇಕು, ಇನ್ನೊಬ್ಬ ಗದ್ದದ ಕೆಳಗೆ ಪಟ್ಟಿ ಬಿಗಿಯಬೇಕು. ಬಿಗಿದಾದ ಮೇಲೆ ಅವನು ಪಾತಾಳದ ಒಡೆಯ, ಮೂರು ಲೋಕದ ಕಂಟಕ. ಬಿಚ್ಚಿದ ಮೇಲೆ ಥಾಣೆಯ ಪಕ್ಕದ ಕಳವಾ ಎಂಬ ಊರಿನ ಗುಡ್ಡದ ಬುಡದಲ್ಲಿ ಒಂದು ಖೋಲಿಯ ಬಾಡಿಗೆದಾರ, ಘಣಸೋಲಿಯ ಹೊಸ ಸೆಕ್ಟರಿನ ಕಟ್ಟಡಗಳಿಗೆ ಸಿಮೆಂಟ್ ಚೀಲ ಹೊರುವ ಜೇವರ್ಗಿ ಕಡೆಯ ಆಳು. ಎರಡೂ ಅವತಾರಕ್ಕೆ ಮೈ ಒಂದೇ. ಆರಡಿ ದಾಟಿದ ಎತ್ತರ, ಬಾಗಿಲಲ್ಲಿ ನಿಂತರೆ ಒಳಗಿದ್ದವರು ಲೈಟ್ ಹಾಕಿಕೊಳ್ಳಬೇಕು ಅನ್ನುವಷ್ಟು ಅಗಲ. ಈ ಮೈಯನ್ನು ಲೋಕಲ್ ಟ್ರೇನಿನಲ್ಲಿ ಜನ ಶಪಿಸುತ್ತಾರೆ, ಸೈಟಿನಲ್ಲಿ ಆಳುಗಳ ಮೇಲಿನ ಮುಕದ್ದಮ ಮೆಚ್ಚುತ್ತಾನೆ. ಗೌರವದಿಂದ ಕರೆಸಿಕೊಂಡದ್ದು ಸಿನಿಮಾ ಒಂದೇ, ಅದೂ ಕೊಲ್ಲುವುದಕ್ಕೆ.

ಎಂಥ ಸಿನಿಮಾ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಥಾಣೆಯ ಮಾಲಿನಲ್ಲಿ ಪಾಪ್‌ಕಾರ್ನ್ ಡಬ್ಬ ಹಿಡಿದು ನೋಡುವಂಥದ್ದು ಎಂದು ತಿಳಿದುಬಿಡುತ್ತೀರಿ. ಇವು ಊಟದ ಬಿಡುವಿನಲ್ಲಿ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ನಾಲ್ಕು ಜನ ತಲೆಗೆ ತಲೆ ತಾಗಿಸಿಕೊಂಡು ಯೂಟ್ಯೂಬಿನಲ್ಲಿ ನೋಡುವ ಸಿನಿಮಾಗಳು. ಒಬ್ಬ ರಾಜಕುಮಾರ, ಒಂದು ಮಾಯಾಮಣಿ, ಒಂದು ಮಾತಾಡುವ ಹಾವು. ಹಾವು ಮಾತಾಡುವಾಗ ಅದರ ಬಾಯಿಗೆ ಕಟ್ಟಿದ ದಾರ ಕಾಣುತ್ತದೆ. ಕತ್ತಿಗೆ ಕತ್ತಿ ತಗುಲಿ, ಇಬ್ಬರೂ ಹಿಂದೆ ಸರಿದು, ಉಸಿರು ಬಿಟ್ಟಾದ ಮೇಲೆ 'ಠಣ್' ಎಂಬ ಸದ್ದು ಬರುತ್ತದೆ. ಯುಗಯುಗಗಳ ಹಿಂದಿನ ಘೋರ ಕಾಡಿನ ಅಂಚಿನಲ್ಲಿ ಒಂದು ಹೈಟೆನ್ಷನ್ ಟವರ್ ಇರುತ್ತದೆ. ಅದು ಕಾಣಲೇ ಇಲ್ಲ ಎಂಬ ಹಾಗೆ ಎಲ್ಲರೂ ನೋಡುತ್ತಾರೆ.

ಇಂಥವನ್ನು ತಯಾರಿಸುವ ಮನೀಶ್ ಮೊದಲು ಥಾಣೆ ಆಚೆಯ ಕಲ್ಯಾಣದಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದವನು. ಅವನ ರಾಜಕುಮಾರರು ತೊಡುವುದು ಮದುಮಕ್ಕಳ ಶೇರ್ವಾನಿ, ಅವನ ಅರಮನೆಯ ಸಿಂಹಾಸನ ರಿಸೆಪ್ಷನ್ನಿನ ಸೋಫಾ. ಘಣಸೋಲಿಯ ಹಿಂದಿನ ಗುಡ್ಡದಲ್ಲಿ ಎಂದೋ ಮುಚ್ಚಿಹೋದ ಕಲ್ಲುಕ್ವಾರಿಯೊಂದು ಅವನಿಗೆ ಪಾತಾಳ, ಕೈಲಾಸ, ಲಂಕೆ ಎಲ್ಲವೂ ಆಗಿ ಒದಗಿತ್ತು. ಅಲ್ಲಿಗೆ ಒಂದು ದಿನ ಟೆಂಪೊದಲ್ಲಿ ಬಂಡೆಗಳು ಬಂದವು. ಇಳಿಸಲು ಪಕ್ಕದ ಸೈಟಿನಿಂದ ಸೈದಪ್ಪನನ್ನು ಕರೆಸಿದರು. ಅವನು ಬಂಡೆಯ ಗಾತ್ರ ನೋಡಿ ಸೊಂಟಕ್ಕೆ ಟವೆಲ್ ಬಿಗಿದು, ಕಾಲು ಅಗಲಿಸಿ ನಿಂತು, ಉಸಿರು ಹಿಡಿದು ಒಂದೇ ಸಲಕ್ಕೆ ಎತ್ತಿದ. ಬಂಡೆ ಹಕ್ಕಿಯಂತೆ ತಲೆಯ ಮೇಲೆ ಹಾರಿಹೋಯಿತು. ಸೈದಪ್ಪ ಹಿಂದಕ್ಕೆ ಮಗುಚಿ ಬಿದ್ದ. ಥರ್ಮಾಕೋಲು. ಹುಟ್ಟಿದಾಗಿನಿಂದ ಕಲ್ಲು ಹೊತ್ತವನಿಗೆ ಕಲ್ಲೊಂದು ಹೀಗೆ ಚೇಷ್ಟೆ ಮಾಡಿದ್ದು ಅದೇ ಮೊದಲು. ಬಿದ್ದಲ್ಲೇ ಬಿದ್ದುಕೊಂಡು ಅವನು ನಕ್ಕ ನಗುವಿಗೆ ಕ್ವಾರಿಯ ಮೂರೂ ಗೋಡೆಗಳು ತಿರುಗಿ ನಕ್ಕವು. ಮನೀಶ್ ಚಹಾ ಕಪ್ಪು ಕೆಳಗಿಟ್ಟು, ದಾನವ ಸಿಕ್ಕಿದ ಎಂದ.

ಸೈದಪ್ಪನಿಗೆ ಆ ಲೋಕದ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತು. ಅಲ್ಲಿ ಕಲ್ಲಿಗೆ ತೂಕವಿಲ್ಲ, ಕತ್ತಿಗೆ ಮೊನೆಯಿಲ್ಲ, ಸತ್ತವರು ಮೈ ಕೊಡವಿಕೊಂಡು ಎದ್ದು ವಡಾಪಾವ್ ತಿನ್ನುತ್ತಾರೆ. ಸೈಟಿನಲ್ಲಿ ಬಿದ್ದವರು ಹಾಗೆ ಎದ್ದದ್ದನ್ನು ಅವನು ಕಂಡಿರಲಿಲ್ಲ. ಅಲ್ಲದೆ ಅಲ್ಲಿಯ ಸುಳ್ಳು ಮರ್ಯಾದಸ್ಥ ಸುಳ್ಳು, ತನ್ನ ದಾರವನ್ನು ತಾನೇ ತೋರಿಸುತ್ತದೆ. ಅವನು ಸಿಮೆಂಟ್ ಹೊರುವ ಕಟ್ಟಡದ ಮುಂದೆ ಒಂದು ಹೋರ್ಡಿಂಗ್ ಇದೆ. ಅದರಲ್ಲಿ ಒಂದು ಸರೋವರ, ದಡದಲ್ಲಿ ಜಿಂಕೆ, ಬಾಲ್ಕನಿಯಲ್ಲಿ ಬಿಳಿ ಬಟ್ಟೆಯ ಕುಟುಂಬ. ಆ ಸರೋವರದ ಜಾಗದಲ್ಲಿ ಸೆಪ್ಟಿಕ್ ಟ್ಯಾಂಕು ಬರುತ್ತದೆ ಎಂಬುದು ಅದನ್ನು ತೋಡಿದವರಿಗೆಲ್ಲ ಗೊತ್ತು. ಆ ಜಿಂಕೆಯ ದಾರ ಮಾತ್ರ ಯಾರಿಗೂ ಕಾಣುವುದಿಲ್ಲ, ಅದನ್ನು ನಂಬಿ ಜನ ಇಪ್ಪತ್ತು ವರ್ಷ ಕಂತು ಕಟ್ಟುತ್ತಾರೆ. ರಬ್ಬರ್ ಹಾವನ್ನು ನೋಡಿ ನಗುವವರು ಈ ಜಿಂಕೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಮೊದಲ ಚಿತ್ರಕ್ಕೆ 'ಬತ್ತೀಸ್ ಸೀಂಗ್ ಕಾ ದಾನವ್' ಎಂದು ಹೆಸರಿಟ್ಟಿದ್ದರು. ಮೂವತ್ತೆರಡು ಕೊಂಬಿನ ದಾನವ. ಕೊಂಬು ಇದ್ದದ್ದು ಎರಡೇ, ಅದರಲ್ಲಿ ಒಂದು ಬೆವರಿಗೆ ಮೆತ್ತಗಾಗಿ ಎಮ್ಮೆಯ ಕಿವಿಯಂತೆ ಜೋಲುತ್ತಿತ್ತು. ಉಳಿದ ಮೂವತ್ತು ಎಲ್ಲಿ ಎಂದು ಕೇಳಿದವರಿಗೆ ಮನೀಶ್, ಭಾಗ ಎರಡರಲ್ಲಿ ಬರುತ್ತವೆ ಎನ್ನುತ್ತಿದ್ದ.

ದಾನವ ರಾಜಕುಮಾರನಿಗೆ ಶಾಪ ಕೊಡುವ ದೃಶ್ಯ ಬಂತು. ದಾನವ ಹಿಂದಿ ಆಡಿದರೆ ಭಯ ಹುಟ್ಟುವುದಿಲ್ಲ, ಪಾತಾಳಕ್ಕೆ ಅದರದೇ ಭಾಷೆ ಬೇಕು ಎಂದು ಮನೀಶನಿಗೆ ಹೊಳೆಯಿತು. ಅವನು ಸೈದಪ್ಪನ ಹತ್ತಿರ ಬಂದು, “ಐಸೀ ಭಾಷಾ ಬೋಲ್ ಜೋ ಕಿಸೀಕೋ ಸಮಝ್ ನ ಆಯೇ” ಎಂದ.

ಯಾರಿಗೂ ತಿಳಿಯದ ಭಾಷೆ. ಸೈದಪ್ಪ ಬಹಳ ಯೋಚಿಸಲಿಲ್ಲ. “ವೋ ಹೈ ಮೇರೇ ಪಾಸ್, ಸೇಠ್” ಎಂದ. ಈ ಊರಿಗೆ ಬಂದಂದಿನಿಂದ ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ, ಪೊಲೀಸ್ ಚೌಕಿಯಲ್ಲಿ ಯಾರಿಗೂ ತಿಳಿಯದ ಭಾಷೆ ಒಂದೇ ಒಂದು ಅವನ ಬಳಿ ಇತ್ತು. ಅದನ್ನು ಖೋಲಿಯ ಹೊರಗೆ ಅವನು ಬಾಯ್ತುಂಬ ಆಡಿದ್ದೇ ಇಲ್ಲ. ಈಗ ಕ್ಯಾಮೆರಾ ತಿರುಗಿತು. ಎದುರಿಗೆ ರಾಜಕುಮಾರನ ವೇಷದಲ್ಲಿ ಶೈಲೇಶ್, ಥಾಣೆಯ ಜಿಮ್ಮೊಂದರ ತರಬೇತುದಾರ, ಎದೆಯುಬ್ಬಿಸಿ ನಿಂತಿದ್ದ. ಆ ಬೆಳೆದ ಮೈ, ಆ ಕೆಲಸವಿಲ್ಲದ ನಿಲುವು ನೋಡಿ ಸೈದಪ್ಪನಿಗೆ ಹೆಂಡತಿಯ ತಮ್ಮ ಭೀಮುವಿನ ನೆನಪಾಯಿತು. ಆಮೇಲೆ ತಡೆಯುವವರಿರಲಿಲ್ಲ.

“ಏ ಭೀಮ್ಯಾ, ಎಂಟು ದಿನಕ್ಕಂತ ಬಂದಾಂವ ಎರಡು ಮಳಿಗಾಲ ಮುಗಿಸಿದಿ. ನನ್ನ ಚಾದರ ನೀ ಹೊತ್ಕೊಂಡ್ರ ನಾ ಏನು ಪೇಪರ್ ಹೊತ್ಕೊಂಡು ಮಲಗಲೇನು? ರೊಟ್ಟಿ ಮುರಿಯಾಗ ಇರೋ ಜೋರು ಬಕೀಟು ಎತ್ತಾಗ ಎಲ್ಲಿ ಹೋಗ್ತದ ನಿಂದು? ನೋಡ್ತಿರು, ನಿನ್ನ ಟ್ರಂಕು ಹೊರಗ ಒಗೀತೀನಿ.”

ಕ್ವಾರಿ ನಡುಗಿತು. ಶೈಲೇಶ್ ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಸರಿದ. ಮನೀಶನ ರೋಮ ನಿಮಿರಿತು. ಚಿತ್ರದಲ್ಲಿ ಆ ಮಾತಿನ ಕೆಳಗೆ ಹಿಂದಿ ಅಕ್ಷರಗಳಲ್ಲಿ, ಹೇ ಮಾನವ, ಪಾತಾಳದ ದ್ವಾರಗಳು ತೆರೆದಿವೆ, ನಿನ್ನ ರಕ್ತವೇ ನನ್ನ ದಾಹಕ್ಕೆ ಔಷಧ ಎಂದು ಬಂತು.

ಚಿತ್ರ ಯೂಟ್ಯೂಬಿಗೆ ಬಂದ ದಿನ ಕಳವಾದ ಅವನ ಓಣಿಯ ಕಲಬುರಗಿ, ರಾಯಚೂರು ಕಡೆಯವರ ಮನೆಗಳಲ್ಲಿ ನಗು ನಿಲ್ಲಲಿಲ್ಲ. ಹೆಂಡತಿ ಮಾನಮ್ಮ ಮಾತ್ರ ನಗಲಿಲ್ಲ. ತನ್ನ ತವರನ್ನು ದೇಶದ ಮುಂದೆ ಬೈದ ಗಂಡನೊಂದಿಗೆ ಮಾತು ಬಿಟ್ಟೆ ಎಂದು ಸಾರಿದಳು, ಸಾರಿದ್ದನ್ನೇ ವಿವರಿಸುತ್ತ ರಾತ್ರಿ ಊಟದವರೆಗೂ ಮಾತಾಡಿದಳು. ಭೀಮುವಿನ ಸಂಗತಿಯೇ ಬೇರೆ. ಅವನು ತನ್ನ ಹೆಸರು ಸಿನಿಮಾದಲ್ಲಿ ಬಂತೆಂದು ಊರಿಗೆಲ್ಲ ಫೋನು ಹಚ್ಚಿದ. ಮುಂಬ್ರಾದ ಗೆಳೆಯರನ್ನು ಕರೆತಂದು, ರಾಕ್ಷಸ ಬೈಯುವುದು ನನಗೇ ಎಂದು ಚಾದರ ಹೊದ್ದು ತೋರಿಸಿದ. ಟ್ರಂಕು ಇದ್ದಲ್ಲೇ ಇತ್ತು.

ಸೈದಪ್ಪನ ಎದೆಗೆ ತಾಗಿದ್ದು ಬೇರೊಂದು. ಮಗಳು ಪದ್ಮಾವತಿ ಕಳವಾದಲ್ಲೇ ಹುಟ್ಟಿ ಕಾಲೇಜಿಗೆ ಬಂದವಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಊಟ ಆತೇನವ್ವಾ ಅಂದರೆ ಹೋ ಗಯಾ ಪಪ್ಪಾ. ಅವಳ ತಪ್ಪೇನಿಲ್ಲ. ಅಪ್ಪನ ಮಾತು ಅಂಗಡಿಯಲ್ಲಿ ತಗ್ಗಿದ ದನಿಯಲ್ಲಿ, ಆಫೀಸಿನಲ್ಲಿ ಮುರಿದ ದನಿಯಲ್ಲಿ ಬರುವುದನ್ನೇ ಅವಳು ಕೇಳುತ್ತ ಬೆಳೆದಿದ್ದಳು. ಚಿತ್ರ ಬಂದ ಮರುದಿನ ಬೆಳಿಗ್ಗೆ ಅವಳು ಮಲಗಿದ್ದ ಸೋದರಮಾವನ ಚಾದರ ಸೆಳೆದು, ಕೈಯೆತ್ತಿ, ಕಣ್ಣು ಕೆಕ್ಕರಿಸಿ, “ಏ ಭೀಮ್ಯಾ, ಎಂಟು ದಿನಕ್ಕಂತ ಬಂದಾಂವ” ಎಂದು ಕೊನೆಯತನಕ ಒಂದಕ್ಷರ ತಪ್ಪದೆ ಆಡಿದಳು. ಓಣಿಯಲ್ಲಿ ಕ್ರಿಕೆಟ್ ಆಡುವ ಮಕ್ಕಳು, ಬಿಹಾರದವರು, ಕೊಂಕಣದವರು, ಯಾರು ಔಟಾದರೂ “ಟ್ರಂಕು ಹೊರಗ ಒಗೀತೀನಿ” ಎಂದು ಕಿರುಚುತ್ತಿದ್ದರು. ಸೈದಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅಷ್ಟು ದೊಡ್ಡ ಮೈಯೊಳಗೆ ಒಂದು ದನಿಯೂ ಇದೆ ಎಂದು ಮೊದಲ ಸಲ ಜಗತ್ತಿಗೆ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿತ್ತು.

ಅದಕ್ಕೇ ಭಾಗ ಎರಡು ಶುರುವಾದಾಗ ಅವನು ದಿನವೂ ಘಣಸೋಲಿಗೆ ಹೋಗುವ ಟ್ರೇನಿನಲ್ಲಿ ಬಾಗಿಲ ಕಂಬ ಹಿಡಿದು ಹೊಸ ಶಾಪವನ್ನು ಮನಸ್ಸಿನಲ್ಲೇ ಹೆಣೆಯುತ್ತಿದ್ದ. ಕೊಂಬು ಈಗ ನಾಲ್ಕು. ಶಾಪದ ದೃಶ್ಯ ಕೊನೆಯ ದಿನಕ್ಕೆ ಉಳಿದಿತ್ತು.

ಆ ದಿನ ಮಧ್ಯಾಹ್ನ ಕ್ವಾರಿಗೆ ಒಂದು ಆಟೊ ಏದುಸಿರು ಬಿಡುತ್ತ ಹತ್ತಿ ಬಂತು. ಇಳಿದವರು ಡೊಂಬಿವಲಿಯ ಕನ್ನಡ ಸಂಘವೊಂದರ ಕಾರ್ಯದರ್ಶಿ ಗುರುನಾಥ ಮತ್ತು ಸಾಂಸ್ಕೃತಿಕ ವಿಭಾಗದ ವಿನೋದಾ. ಗುರುನಾಥ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಮೈಕಿಲ್ಲದಿದ್ದರೂ ಮೈಕಿದ್ದ ಹಾಗೆ ಮಾತಾಡುವ ರೂಢಿ. ವಿನೋದಾ ಕುಂದಾಪುರದ ಕಡೆಯವಳು, ಗಂಡನ ಹೋಟೆಲಿನ ಗಲ್ಲಾದಲ್ಲಿ ಕೂತು ಕಲ್ಯಾಣದ ಅರ್ಧ ಜನರ ಗುಟ್ಟು ಬಲ್ಲವಳು. ಸಂಘದ ವಾಟ್ಸಾಪ್ ಗುಂಪಿಗೆ ಯಾರೋ ಶಾಪದ ತುಣುಕನ್ನು ಹಾಕಿದ್ದರು. ನಮ್ಮ ತಾಯಿನುಡಿಯನ್ನು ರಾಕ್ಷಸನ ಬಾಯಿಗೆ ತುರುಕಿದ್ದಾರೆ ಎಂದು ಗುಂಪು ಹೊತ್ತಿ ಉರಿದಿತ್ತು. ಭಾಷೆಗೆ ಅವಮಾನವಾದಾಗ ಉರಿಯುವ ಈ ಗುಂಪು, ಆ ಭಾಷೆ ಆಡುವವರು ಕಳವಾದ ಗುಡ್ಡದಲ್ಲಿ ಮಳೆಗೆ ಗೋಡೆ ಕುಸಿದು ರಸ್ತೆಗೆ ಬಿದ್ದಾಗ ಗುಡ್ ಮಾರ್ನಿಂಗಿನ ಹೂವುಗಳನ್ನು ಕಳಿಸಿಕೊಳ್ಳುತ್ತಿತ್ತು. ಅದು ಬೇರೆ ಮಾತು.

ಗುರುನಾಥ ಮನೀಶನನ್ನು ಬದಿಗೆ ಕರೆದು ಹಿಂದಿಯಲ್ಲಿ ಕನ್ನಡದ ಎರಡು ಸಾವಿರ ವರ್ಷಗಳ ಇತಿಹಾಸ ಹೇಳಲಾರಂಭಿಸಿದರು. ವಿನೋದಾ ನೆರಳು ಹುಡುಕುತ್ತ ಬಂದು ದಾನವನ ನೆರಳಿನಲ್ಲೇ ನಿಂತಳು. ಮೇಲೆ ನೋಡಿ, ತನ್ನಷ್ಟಕ್ಕೆ, ಈ ಬಿಸಿಲಿಗೆ ಇವರಿಗೆ ತಲೆ ಸುತ್ತುವುದಿಲ್ವಾ ದೇವ್ರೇ ಎಂದಳು.

“ಸುತ್ತತದ್ರೀ ಅಕ್ಕಾರ” ಎಂದ ದಾನವ. “ಆದ್ರ ನಾಕು ಕೊಂಬಿನ ಭಾರಕ್ಕ ಪೂರಾ ಸುತ್ತಾಕ ಆಗಂಗಿಲ್ಲ, ನಡುವ ನಿಂದರ್ತದ.”

ವಿನೋದಾ ಬಾಯಿಗೆ ಸೆರಗು ಒತ್ತಿಕೊಂಡಳು. ಗುರುನಾಥ ತಿರುಗಿದರು. ದಾನವ ಕನ್ನಡಿಗ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಹೀಗೆ ಎದುರಿಗೇ ನಿಂತಿರುತ್ತಾನೆ ಎಂದು ಅಂದುಕೊಂಡಿರಲಿಲ್ಲ.

“ತಾವು ಕನ್ನಡಿಗರಾಗಿದ್ದುಕೊಂಡು ಇಂಥ ಅಪಚಾರಕ್ಕೆ ಅವಕಾಶ ಕೊಡಬಾರದಾಗಿತ್ತು” ಎಂದರು. “ಆ ಭಾಷೆಯಾದರೂ ಎಂಥದ್ದು? ಒಂದಿಷ್ಟು ಸಂಸ್ಕಾರ ಬೇಡವೇ?”

“ರಾಕ್ಷಸಗ ಸಂಸ್ಕಾರ ಎಲ್ಲಿಂದ ತರ್ಲಿ ರೀ ಸಾಹೇಬ್ರ?” ಎಂದ ಸೈದಪ್ಪ. ಗೇಲಿಯಲ್ಲ, ನಿಜವಾಗಿ ಕೇಳಿದ್ದ.

ಮನೀಶನಿಗೆ ವಾದ ಬೇಕಿರಲಿಲ್ಲ. ಅವನು ಹೆದರುವುದರಲ್ಲಿ ನುರಿತವನು. ಹಿಂದೊಮ್ಮೆ ಹಾವಿನ ಭಕ್ತರು ಆಕ್ಷೇಪಿಸಿದಾಗ ನಾಲ್ಕು ಕಾಲು ಅಂಟಿಸಿ ಹಾವನ್ನು ಉಡ ಮಾಡಿದ್ದ. ಈಗಲೂ ಕೂಡಲೇ ಪರಿಹಾರ ಕಂಡುಕೊಂಡ. ದಾನವ ಯಾವ ಭಾಷೆಯನ್ನೂ ಆಡುವುದು ಬೇಡ, ಅರ್ಥವೇ ಇಲ್ಲದ ಸದ್ದು ಮಾಡಲಿ, ಆಗ ಯಾರಿಗೂ ಅವಮಾನವಿಲ್ಲ ಎಂದ. ಸೈದಪ್ಪ ಟ್ರೇನಿನಲ್ಲಿ ಹೆಣೆದ ಶಾಪ ದಂಡವಾಯಿತು. ಆದರೂ, ಸರಿ ಸೇಠ್ ಎಂದ.

ಅರ್ಥವಿಲ್ಲದ್ದನ್ನು ಆಡುವುದು ಸುಲಭ ಎಂದು ತಿಳಿದವರು ಒಮ್ಮೆ ಪ್ರಯತ್ನಿಸಬೇಕು. ಅದಕ್ಕೆ ಅಭ್ಯಾಸ ಬೇಕು, ಸೈದಪ್ಪನಾದರೋ ಯಾವ ಚುನಾವಣೆಗೂ ನಿಂತವನಲ್ಲ. ಮೊದಲು ಅವನು 'ಹುಂಗ ಚುಂಗ' ಎಂದ. ಶೈಲೇಶ್ ಕತ್ತಿ ಎಸೆದು ಹೊಟ್ಟೆ ಹಿಡಿದುಕೊಂಡ. ಎರಡನೆಯ ಸಲ ಸೈದಪ್ಪ ಕಣ್ಣು ಮುಚ್ಚಿ, ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟ. ನಾಲಿಗೆ ಸ್ಟೇಷನ್ನಿನಲ್ಲಿ ದಿನವೂ ಕೇಳಿದ ದಾರಿಯನ್ನೇ ಹಿಡಿಯಿತು. ಪಾತಾಳದ ಆಳದಿಂದ ಬರುವ ದನಿಯಲ್ಲಿ “ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ” ಎಂದು ಹೊರಬಂತು. ಲೈಟ್ ಹಿಡಿದವನು ಅಭ್ಯಾಸಬಲದಿಂದ ಮುಂದಿನ ಸ್ಟೇಷನ್ ಠಾಕುರ್ಲಿ ಎಂದ. ಮೂರನೆಯ ಸಲ ಬರೀ ಹೂಂಕಾರ ಸಾಕು ಎಂದರು. ಅವನು ಹುಂ ಹುಂ ಎಂದು ಶುರುಮಾಡಿದವನು, ರಾಜಕುಮಾರನ ಮುಖ ನೋಡುತ್ತಲೇ “ಹುಂ ಅಂದ್ಯೋ ಊಂಹೂಂ ಅಂದ್ಯೋ, ಬಾಯಿಬಿಟ್ಟು ಹೇಳಲೇ” ಎಂದುಬಿಟ್ಟ. ಬಾಯಿಂದ ಹೊರಟ ಸದ್ದಿಗೆ ಅರ್ಥ ತಾನೇ ಬಂದು ಅಂಟಿಕೊಳ್ಳುತ್ತಿತ್ತು, ಅವನೇನು ಮಾಡಿಯಾನು?

ಗುರುನಾಥರಿಗೆ ಕರುಣೆ ಉಕ್ಕಿತು. ಸಂಘ ಅಷ್ಟು ಕಠೋರವಲ್ಲ, ದಾನವ ಕನ್ನಡವನ್ನೇ ಆಡಲಿ, ಆದರೆ ಶುದ್ಧವಾಗಿ ಆಡಲಿ, ನಾನೇ ಹೇಳಿಕೊಡುತ್ತೇನೆ ಎಂದರು. ಸೈದಪ್ಪ ಕೋರೆಹಲ್ಲು ಸರಿಮಾಡಿಕೊಂಡು, ಅವರು ಹೇಳಿದ್ದನ್ನು ಶಾಲೆಯ ಪದ್ಯದಂತೆ ಒಪ್ಪಿಸಿದ. “ಎಲೈ ರಾಜಕುಮಾರನೇ, ನಿನ್ನ ಆಗಮನದಿಂದ ಪಾತಾಳಲೋಕವು ಕಂಪಿಸುತ್ತಿದೆ.” 'ಆಗಮನ' ಎಂಬ ಶಬ್ದ ಬಂದದ್ದೇ ತಡ, ಅವನ ಎರಡು ಕೈಗಳೂ ತಾವಾಗಿಯೇ ಕೂಡಿಕೊಂಡವು. ಕನ್ನಡದ ಗಂಧವಿಲ್ಲದ ಶೈಲೇಶನಿಗೂ ತನಗೇನೋ ಮರ್ಯಾದೆ ಸಲ್ಲುತ್ತಿದೆ ಎನಿಸಿ, ಕತ್ತಿಯನ್ನು ಕಂಕುಳಲ್ಲಿಟ್ಟು ಅವನೂ ಕೈಮುಗಿದ.

“ಇನ್ನು ಹೂವಿನ ಹಾರ ಒಂದು ತರಿಸಿದ್ರೆ ಆಯ್ತು ಮಾರಾಯ್ರೆ” ಎಂದಳು ವಿನೋದಾ.

ಬಿಸಿಲು ಇಳಿಯುತ್ತಿತ್ತು. ಸಂಜೆ ಶೈಲೇಶನಿಗೆ ಜಿಮ್ಮಿನ ಪಾಳಿಯಿತ್ತು. ಮನೀಶ್ ತಲೆ ಚಚ್ಚಿಕೊಂಡು ಕೊನೆಯ ತೀರ್ಪು ಕೊಟ್ಟ. ದಾನವ ಬರೀ ಬಾಯಿ ತೆರೆದು ಮುಚ್ಚಲಿ, ಸದ್ದು ಬೇಡ. ಥಾಣೆಯಲ್ಲಿ ಜಾಹೀರಾತುಗಳಿಗೆ ಹುಲಿಯಂತೆ ಗರ್ಜಿಸುವವನೊಬ್ಬನಿದ್ದಾನೆ, ಅವನಿಂದ ದನಿ ಕೊಡಿಸುತ್ತೇನೆ.

 ಸೈದಪ್ಪ ಬಾಯಿಂದ ಕೋರೆಹಲ್ಲುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಹೋಗಿ ಕ್ವಾರಿಯ ನಡುವೆ ನೆಲದ ಮೇಲೆ ಕೂತುಬಿಟ್ಟ. ಮನೀಶ್ ಬೈದ, ಬೇಡಿಕೊಂಡ, ಇನ್ನೊಬ್ಬನನ್ನು ತರುತ್ತೇನೆ ಎಂದ. ಆದರೆ ವೇಷವನ್ನು ಹೊಲಿದದ್ದು ಸೈದಪ್ಪನ ಮೈಯಳತೆಗೆ, ಅದರೊಳಗೆ ಉಳಿದವರು ಇಬ್ಬಿಬ್ಬರು ಹಿಡಿಸುತ್ತಿದ್ದರು. ದಾನವನ ಮುಷ್ಕರ ಎಂಬುದು ಯಾವ ಪುರಾಣದಲ್ಲೂ ಬರದ ಕಾರಣ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಸಮಾಧಾನ ಹೇಳಲು ಗುರುನಾಥರೇ ಹೋದರು. ಕಲಾವಿದನಿಗೆ ಅಹಂಕಾರ ಇರಬಾರದು, ದನಿ ಯಾರದಾದರೇನು, ಮುಖ್ಯವಾದದ್ದು ಕಲೆ ಎಂಬರ್ಥದಲ್ಲಿ ನಾಲ್ಕು ಮಾತು ಹೇಳಿದರು.

“ಸೈಟಿನ್ಯಾಗ ದಿನಾ ಹಿಂಗೇ ಅದರೀ” ಎಂದ ಸೈದಪ್ಪ. “ಬಾಯಿ ನಂದು, ಮಾತು ಮುಕದ್ದಮಂದು. ಎಷ್ಟು ಮಂದಿ ಬಿದ್ದರು ಅಂತ ಯಾರರೆ ಸಾಹೇಬ್ರು ಕೇಳಿದ್ರ, ಯಾರೂ ಬಿದ್ದಿಲ್ರೀ ಅಂತ ನನ್ನ ಬಾಯಿಲೇ ಹೇಳಸ್ತಾನ. ಅಲ್ಲಿ ಹೊಟ್ಟಿ ಸಲುವಾಗಿ ಹೇಳ್ತೀನಿ. ಇಲ್ಲಿ ಹೇಳಂಗಿಲ್ಲ. ಇದು ಆಟ ಅದ. ಆಟದಾಗರೆ ನನ್ನ ಬಾಯಿ ನಂದಿರಲಿ.” ಅಂಗೈಯ ಕೋರೆಹಲ್ಲು ಕುಲುಕುತ್ತ, “ಹ್ವಾದ ವರ್ಷ ನಿಮ್ಮ ರಾಜ್ಯೋತ್ಸವಕ್ಕ ಬಂದಿದ್ದೆ. ಕನ್ನಡ ಕೇಳಬೇಕಂತ ಬಂದ್ರ, ಬಾಗಲದಾಗ ಒಬ್ಬಾಂವ ನನ್ನ ಮೈ ನೋಡಿ, ಕುರ್ಸಿಯಾಂ ಉಠಾವ್ ಅಂತ ಹಿಂದಿಯಾಗ ಅಂದ” ಎಂದ.

ಗುರುನಾಥರ ಮುಖ ಕೆಂಪಾಯಿತು. ನಾಚಿಕೆಯಾದಾಗ ಸಿಟ್ಟಿಗೇಳುವುದು ಸಭೆಗಳಲ್ಲಿ ಪಳಗಿದವರ ಲಕ್ಷಣ. “ಎಲ್ಲದಕ್ಕೂ ಸಂಘವನ್ನು ದೂರುವುದು ಸುಲಭ. ಇದೆಲ್ಲ ಥರ್ಮಾಕೋಲಿನ ಸಂಸ್ಕೃತಿ” ಎಂದು ಹೇಳುತ್ತ, ಆ ಸಂಸ್ಕೃತಿಯ ಟೊಳ್ಳುತನವನ್ನು ತೋರಿಸುವವರಂತೆ ಪಕ್ಕದ ಬಂಡೆಯೊಂದಕ್ಕೆ ಬಲವಾಗಿ ಒದ್ದರು.

ಅದು ಕ್ವಾರಿಯ ಸ್ವಂತ ಕಲ್ಲು.

“ಯವ್ವಾ, ಸತ್ತೆನಲೇ! ಯಾವ ಮಂಗ್ಯಾನ ಮಗ ಇಟ್ಟಾನಲೇ ಈ ಕಲ್ಲ ಇಲ್ಲಿ? ನಿಮ್ಮ ಸಿನಿಮಾದ ಹೆಣಾ ಎತ್ತಲಿ, ಖರೇ ಕಲ್ಲ ಯಾವ್ದು ಖೊಟ್ಟಿ ಕಲ್ಲ ಯಾವ್ದು ಬರದರೆ ಇಡ್ರಲೇ!”

ಕ್ವಾರಿಯ ಗೋಡೆಗಳು ಆ ಮಾತನ್ನು ಒಂದರಿಂದ ಒಂದಕ್ಕೆ ಒಪ್ಪಿಸಿದವು. ಮಂಗ್ಯಾನ ಮಗ ಮೂರು ಸಲ ಹೋಗಿ ಬಂದ. ವಿನೋದಾ ಬೆರಗಾಗಿ ನೋಡುತ್ತಿದ್ದಳು. ಇಷ್ಟು ವರ್ಷ ಸಂಘದ ವೇದಿಕೆಯಲ್ಲಿ ಗುರುನಾಥರು 'ಆದ್ದರಿಂದ' ಎನ್ನುವುದನ್ನು ಕೇಳಿದ್ದಳೇ ಹೊರತು 'ಲೇ' ಎನ್ನುವುದನ್ನು ಕೇಳಿರಲಿಲ್ಲ.

ಸೈದಪ್ಪನ ಮುಖ ಅರಳಿತು. “ಯಾವ ಕಡಿಯವ್ರು ರೀ ನೀವು?”

ಗುರುನಾಥ ಒಂಟಿ ಕಾಲಿನ ಮೇಲೆ ನಿಂತು, ಹೆಬ್ಬೆರಳು ಹಿಡಿದುಕೊಂಡೇ, “ಇಂಡಿ ತಾಲೂಕು” ಎಂದರು. ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ.

ಅಷ್ಟರಲ್ಲಿ ಮನೀಶ್ ಓಡಿ ಬಂದಿದ್ದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಇದೇ ಪಾತಾಳದ ಭಾಷೆ, ಇದೇ ಖಾರ, ಅದೂ ಸಂಘದ ಕಾರ್ಯದರ್ಶಿಯ ಬಾಯಲ್ಲೇ, ಇನ್ನು ಆಕ್ಷೇಪಿಸುವವರು ಯಾರು? ಸರ್, ದಾನವನಿಗೆ ದನಿಯನ್ನು ನೀವೇ ಕೊಡಿ ಎಂದು ಕೈಹಿಡಿದ.

ಗುರುನಾಥ ಇಲ್ಲ ಎನ್ನಲು ಬಾಯಿ ತೆರೆದರು.  ಬೆರಳು ಇನ್ನೂ ಉರಿಯುತ್ತಿತ್ತು, ಆದರೆ ಗೋಡೆಗಳಿಂದ ತಿರುಗಿ ಬಂದ ತಮ್ಮ ದನಿ ಅವರಿಗೇ ಹಿಡಿಸಿತ್ತು. ಹೆಸರು ಹಾಕುತ್ತೀರೇ ಎಂದು ಸಣ್ಣಗೆ ಕೇಳಿದರು.

“ಸಂಸ್ಕಾರದ್ದು ಎಂತ ಆಯ್ತು ಸರ್ ಈಗ?” ಎಂದಳು ವಿನೋದಾ.

ಸೈದಪ್ಪ ಎದ್ದು ನಿಂತ. ಥಾಣೆಯ ಹುಲಿಯವನು ದನಿ ಕೊಟ್ಟಿದ್ದರೆ ಅದು ಬೇರೆಯದೇ ದನಿ ಎಂದು ಮಗಳಿಗಾದರೂ ತಿಳಿಯುತ್ತಿತ್ತು. ಇದು ಹಾಗಲ್ಲ. ತನ್ನದೇ ಮಾತು, ತನ್ನದೇ ಕಡೆಯ ದನಿ, ಇನ್ನೊಬ್ಬರ ಗಂಟಲು. ಓಣಿಯ ಮಕ್ಕಳು ಅದನ್ನೇ ಕಲಿತು ಕಿರುಚುತ್ತಾರೆ, ಮೈ ಮಾತ್ರ ಇವನದು ಎಂದು ಹೇಳುತ್ತಾರೆ. ಅವನು ಗದ್ದದ ಕೆಳಗಿನ ಪಟ್ಟಿಯನ್ನು ತಾನೇ ಬಿಚ್ಚಿಕೊಂಡ.

“ಮಾತು ಛಲೋ ಅದ ಸಾಹೇಬ್ರ ನಿಮ್ದು” ಎಂದ. “ಆದ್ರ ಬರೀ ಮಾತು ಒಯ್ಯಾಕ ಬರಂಗಿಲ್ಲ. ಕೊಂಬು ಹೊತ್ತು ಆಡ್ರಿ.”

ಶೈಲೇಶ್ ತಲೆ ಹಿಡಿದುಕೊಂಡ, ಲೈಟಿನವನು ಪಟ್ಟಿ ಬಿಗಿದ. ನಾಲ್ಕು ಕೊಂಬಿನ ಕೆಳಗೆ ಗುರುನಾಥರ ಕುತ್ತಿಗೆ ಕಾಣದಾಯಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಮನೀಶ್ ಅವರ ಮುಂದೆ ಮೈಕ್ ತಂದು ಹಿಡಿದ. ಎಲ್ಲರೂ ಉಸಿರು ಹಿಡಿದರು. ಇಂಡಿ ತಾಲೂಕಿನ ಗುರುನಾಥ ಎದೆ ತುಂಬ ಗಾಳಿ ಎಳೆದುಕೊಂಡು, ಮೈಕನ್ನು ನೋಡಿ, ಗುಡುಗಿದರು.

“ಆತ್ಮೀಯ ಬಂಧುಗಳೇ.”

ಇನ್ನೊಮ್ಮೆ ಯತ್ನಿಸಿದರು. “ಸಭಿಕರೇ” ಎಂದು ಬಂತು. ಮತ್ತೊಮ್ಮೆ ಬರೀ ಕೆಮ್ಮು ಬಂತು.

“ಪ್ರತಿ ಡೈಲಾಗಿಗೂ ಸರ್ ಒಂದೊಂದು ಕಲ್ಲು ಒದೀಬೇಕಾಗ್ತದೆ” ಎಂದಳು ವಿನೋದಾ. “ಬೆರಳು ಹತ್ತೇ ಇರುವುದು.”

ಈ ಸಲ ಗುರುನಾಥರೂ ನಕ್ಕರು. ನಗುವಾಗ ಕೊಂಬು ಅಲುಗಾಡಿ, ಹಿಡಿಯಲು ಇಬ್ಬರು ಓಡಿದರು. ಬೆವರಿನಿಂದ ತೊಯ್ದ ತಲೆಯನ್ನು ಹೊರಗೆ ತೆಗೆದು, ಕೊಂಬುಗಳನ್ನು ಎರಡೂ ಕೈಯಲ್ಲಿ ಎತ್ತಿ ಸೈದಪ್ಪನ ಕಡೆ ಚಾಚಿದರು. “ಕಟಗೋಳಪಾ ತಮ್ಮಾ. ನಿಂದ ಐತಿ ಇದು” ಎಂದರು. ಮನೀಶನಿಗೆ, ಸಂಘದ ತಕರಾರು ಏನೂ ಇಲ್ಲ, ಇದ್ದರೆ ನಾನು ನೋಡಿಕೊಳ್ಳುತ್ತೇನೆ ಎಂದು ಹಿಂದಿಯಲ್ಲಿ ಹೇಳಿ, ಕುಂಟುತ್ತ ಹೋಗಿ ಕ್ಯಾಮೆರಾದ ಹಿಂದೆ ಕೂತರು. ವಿನೋದಾ ಬಾಟಲಿಯ ನೀರಿನಲ್ಲಿ ಕರವಸ್ತ್ರ ನೆನೆಸಿ ಅವರ ಹೆಬ್ಬೆರಳಿಗೆ ಸುತ್ತಿದಳು.

ಕ್ಯಾಮೆರಾ ತಿರುಗಿತು. ಟ್ರೇನಿನಲ್ಲಿ ದಿನವೂ ಹೆಣೆದಿದ್ದ ಶಾಪ ಸೈದಪ್ಪನಿಗೆ ಒಂದಕ್ಷರವೂ ನೆನಪಾಗಲಿಲ್ಲ. ಬೇಕಾಗಲೂ ಇಲ್ಲ. ಬೈಯಬೇಕಾದವರೆಲ್ಲ ಎದುರಿಗೇ ಇದ್ದರು.

“ನಾಕು ಮಂದಿ ಕೂಡಿ ಒಂದು ಬಾಯಿ ಮುಚ್ಚಾಕ ಬಂದೀರೇನು? ಏ ಮನಿಶ್ಯಾ, ಯಾರರೆ ಕೆಮ್ಮಿದ್ರ ಹಾವು ಉಡ ಮಾಡ್ತಿ, ನಾಳಿ ಯಾರರೆ ಸೀನಿದ್ರ ನನ್ನ ಏನು ಆಡು ಮಾಡ್ತೀಯೋ? ಏ ಇಂಡೀ ಸಾಹೇಬಾ, ಹಡದವ್ವ ಕಲಿಸಿದ ಮಾತು ಟ್ರಂಕಿನ್ಯಾಗ ಕೀಲಿ ಹಾಕಿಟ್ಟು, ನನ್ನ ಮಾತಿಗೆ ಸಾಬಾಣ ಹಚ್ಚಾಕ ಬಂದಿದ್ದಿ. ಎಲ್ಲಾರೂ ಕೇಳ್ರಿ. ನಾ ಸಾಯಾಂವ ಅದೀನಿ, ಕಥಿ ಹಂಗೇ ಅದ. ಆದ್ರ ಸಾಯೋತನಕ ಮಾತಾಡಿ ಸಾಯಾಂವ.”

ಗೋಡೆಗಳು ಮಾತು ಮುಗಿಸುವವರೆಗೂ ಯಾರೂ ಅಲುಗಲಿಲ್ಲ. ಕಟ್ ಎಂದು ಹೇಳುವುದನ್ನೂ ಮನೀಶ್ ಮರೆತಿದ್ದ. ಆಮೇಲೆ ಅವನು ಗುರುನಾಥರ ಕಿವಿಯ ಹತ್ತಿರ ಬಗ್ಗಿ, ಸರ್, ಅಕ್ಷರಗಳಲ್ಲಿ ಹಾಕಬೇಕಲ್ಲ, ಅವನು ಏನಂದ ಎಂದು ಕೇಳಿದ.

ಗುರುನಾಥ ಬೆರಳಿನ ಕರವಸ್ತ್ರವನ್ನು ಇನ್ನೊಂದು ಸುತ್ತು ಬಿಗಿದುಕೊಂಡರು.

“ಸಬ್ ಸಹೀ ಬೋಲಾ” ಎಂದರು.

“ಹಾಗಾದರೆ ಸಾಯಿಸೋಣ” ಎಂದ ಮನೀಶ್. ಶೈಲೇಶ್ ಬಗ್ಗಿಹೋಗಿದ್ದ ಕತ್ತಿಯನ್ನು ಮೊಣಕಾಲಿನ ಮೇಲಿಟ್ಟು ನೆಟ್ಟಗೆ ಮಾಡತೊಡಗಿದ.